ಬುತ್ತಿಯಿಂದ ಬಂಡಿಗೆ: ವಿಜಯಪುರ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಫಾಸ್ಟ್ ಫುಡ್ ಮತ್ತು ಆರೋಗ್ಯ

ಫಾಸ್ಟ್ ಫುಡ್ಡನ್ನು ನಿತ್ಯ ತಿಂದರೆ ಆರೋಗ್ಯಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಗೆ ಇದುವರೆಗೆ ದೊರೆತ ಉತ್ತರಗಳಲ್ಲಿ ಹೆಚ್ಚಿನವು ಅಮೆರಿಕ ಮತ್ತು ಯುರೋಪಿನ ಬರ್ಗರ್, ಪಿಜ್ಜಾ, ಕೋಲಾಗಳನ್ನು ಮುಂದಿಟ್ಟುಕೊಂಡು ಬಂದಂಥವು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ಹಳೆಯ ತಾಲ್ಲೂಕುಗಳಲ್ಲಿ, ಹಾಗೂ ಇತ್ತೀಚೆಗೆ ಅವುಗಳಿಂದ ಬೇರೆಯಾದ ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟಿ, ನಿಡಗುಂದಿ, ಕೊಲ್ಹಾರಗಳಲ್ಲಿ, ಅದೇ ಹೆಸರಿನಿಂದ ಜನ ಕರೆಯುವುದು ಬೇರೆಯೇ ತಿನಿಸುಗಳನ್ನು: ಬಸ್ ಸ್ಟ್ಯಾಂಡಿನ ಎದುರಿನ ತಳ್ಳುಬಂಡಿಯ ಗೋಬಿ ಮಂಚೂರಿ, ಎಗ್ ರೈಸ್, ನೂಡಲ್ಸ್, ಪಾನಿಪುರಿ, ಸೊಲ್ಲಾಪುರದ ಕಡೆಯಿಂದ ಬಂದ ವಡಾಪಾವ್, ಪಾವ್ ಭಾಜಿ, ಕಿರಾಣಿ ಅಂಗಡಿಯ ಬಾಗಿಲಿಗೆ ಮಾಲೆಯಾಗಿ ತೂಗುವ ಐದು ರೂಪಾಯಿಯ ಕುರುಕಲು ಪೊಟ್ಟಣ. ಇವುಗಳ ಹಾನಿಯನ್ನು ಅಳೆಯಬೇಕಾದರೆ ತಿಂದ ಪದಾರ್ಥವನ್ನಷ್ಟೇ ನೋಡಿದರೆ ಸಾಲದು. ಅದು ತಾಟಿನಿಂದ ಯಾವ ಆಹಾರವನ್ನು ಹೊರಗಟ್ಟಿತು, ಮತ್ತು ಅದನ್ನು ತಿಂದ ದೇಹ ಹುಟ್ಟುವಾಗಲೇ ಎಂಥ ಪೋಷಣೆಯನ್ನು ಪಡೆದು ಬಂದಿತ್ತು ಎಂಬುದನ್ನೂ ನೋಡಬೇಕು. ಈ ಸೀಮೆಯ ಮಟ್ಟಿಗೆ ಈ ಎರಡು ಸಂಗತಿಗಳೇ ಮುಖ್ಯವೆಂಬುದನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ.

ಮೊದಲಿಗೆ ಪದಗಳನ್ನು ಬಿಡಿಸಿಕೊಳ್ಳಬೇಕು. ಬ್ರೆಜಿಲ್‌ನ ಸಾವೊ ಪಾವ್ಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೆರೊ ಮತ್ತು ಅವರ ಸಂಗಡಿಗರು 2009ರಿಂದ ಮುಂದಿಟ್ಟ ‘ನೋವಾ’ ಎಂಬ ವರ್ಗೀಕರಣವು ಆಹಾರವನ್ನು ಅದರ ಪೋಷಕಾಂಶಗಳಿಂದಲ್ಲದೆ ಅದರ ಮೇಲೆ ನಡೆದ ಸಂಸ್ಕರಣೆಯಿಂದ ವಿಂಗಡಿಸುತ್ತದೆ. ಇದ್ದಂತೆಯೇ ಇರುವ ಅಥವಾ ಅಲ್ಪ ಸಂಸ್ಕರಣೆಯ ಆಹಾರ, ಅಡುಗೆಗೆ ಬಳಸುವ ಎಣ್ಣೆ-ಉಪ್ಪು-ಸಕ್ಕರೆಯಂಥ ಪದಾರ್ಥ, ಇವೆರಡನ್ನು ಕೂಡಿಸಿ ಮಾಡಿದ ಸಂಸ್ಕರಿತ ಆಹಾರ, ಹಾಗೂ ಕಾರ್ಖಾನೆಯಲ್ಲಿ ಪಿಷ್ಟ, ಎಣ್ಣೆ, ಬಣ್ಣ, ಪರಿಮಳ, ರುಚಿವರ್ಧಕಗಳನ್ನು ಬೆರೆಸಿ ಕಟ್ಟಿದ ಅತಿಸಂಸ್ಕರಿತ ಆಹಾರ ಎಂಬ ನಾಲ್ಕು ಗುಂಪುಗಳು ಅದರಲ್ಲಿವೆ. ಕುರುಕಲು ಪೊಟ್ಟಣ, ಇನ್‌ಸ್ಟಂಟ್ ನೂಡಲ್ಸ್, ಬಾಟಲಿಯ ತಂಪು ಪಾನೀಯಗಳು ಯಾವ ಸಂಶಯಕ್ಕೂ ಎಡೆಯಿಲ್ಲದೆ ನಾಲ್ಕನೆಯ ಗುಂಪಿಗೆ ಸೇರುತ್ತವೆ. ಬಂಡಿಯ ಗೋಬಿ ಮಾತ್ರ ನಡುವೆ ನಿಲ್ಲುವ ತಿನಿಸು: ಹೂಕೋಸು ತಾಜಾ ತರಕಾರಿ, ಕರಿಯುವುದು ಕಣ್ಣೆದುರಿಗೇ, ಆದರೆ ಅದರ ಮೇಲೆ ಬೀಳುವ ಸಾಸುಗಳು, ಬಣ್ಣ, ಕಾರ್ನ್‌ಫ್ಲೋರ್ ಎಲ್ಲವೂ ಕಾರ್ಖಾನೆಯವು. ಮಿರ್ಚಿ ಭಜಿ, ಕಾಂದಾ ಭಜಿಗಳು ಈ ಲೆಕ್ಕದಲ್ಲಿ ಅತಿಸಂಸ್ಕರಿತವಲ್ಲದಿದ್ದರೂ ಎಣ್ಣೆಯ ದೃಷ್ಟಿಯಿಂದ ಹಗುರವೇನೂ ಅಲ್ಲ. ಆದ್ದರಿಂದ ಹಳೆಯದೆಲ್ಲ ಹಿತ, ಹೊಸದೆಲ್ಲ ಅಹಿತ ಎಂಬ ಸುಲಭದ ಗೆರೆಯನ್ನು ಇಲ್ಲಿ ಎಳೆಯಲಾಗದು.

ಈ ಸೀಮೆಯ ಹಳೆಯ ಊಟದ ತಿರುಳು ಹಿಂಗಾರಿ ಬಿಳಿಜೋಳ. ಡೋಣಿ ನದಿಯ ಇಕ್ಕೆಲದ ಕರಿಮಣ್ಣಿನ ಎರೆಹೊಲಗಳು, ಮಳೆಗಾಲದಲ್ಲಿ ಹೀರಿಕೊಂಡ ತೇವವನ್ನು ಚಳಿಗಾಲದವರೆಗೆ ಹಿಡಿದಿಟ್ಟುಕೊಂಡು, ನೀರಾವರಿಯಿಲ್ಲದೆಯೇ ಜೋಳವನ್ನು ಬೆಳೆಸಿದವು. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದ ಎಂ 35-1 ಎಂಬ ಮಾಲದಂಡಿ ತಳಿ ಇಂದಿಗೂ ರೊಟ್ಟಿಯ ರುಚಿಗೆ ಹೆಸರಾಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಸಂಯೋಜನಾ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕ, ಸುಮಾರು 10 ಗ್ರಾಂ ನಾರು, ಸುಮಾರು 4 ಮಿಲಿಗ್ರಾಂ ಕಬ್ಬಿಣವಿದೆ. ಅಷ್ಟೇ ತೂಕದ ಮೈದಾದಲ್ಲಿ ಸಸಾರಜನಕ ಹೆಚ್ಚುಕಡಿಮೆ ಅಷ್ಟೇ ಇದ್ದರೂ ನಾರು 3 ಗ್ರಾಮಿಗಿಂತ ಕಡಿಮೆ, ಕಬ್ಬಿಣ 2 ಮಿಲಿಗ್ರಾಮಿಗಿಂತ ಕಡಿಮೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕಬ್ಬಿಣ ಒಂದು ಮಿಲಿಗ್ರಾಮನ್ನೂ ಮುಟ್ಟುವುದಿಲ್ಲ. ರೊಟ್ಟಿಯೊಂದಿಗೆ ಬರುತ್ತಿದ್ದುದು ಹೆಸರುಕಾಳು ಅಥವಾ ಮಡಿಕೆಕಾಳಿನ ಪಲ್ಯ, ಪುಂಡಿ ಪಲ್ಯ, ಹಕ್ಕರಕಿಯಂಥ ಹಸಿ ಸೊಪ್ಪು, ಬದನೆಕಾಯಿ ಎಣಗಾಯಿ, ಝುಣಕ, ಶೇಂಗಾ ಹಿಂಡಿ, ಗುರೆಳ್ಳು ಮತ್ತು ಅಗಸಿ ಚಟ್ನಿ, ಮೊಸರು ಇಲ್ಲವೆ ಮಜ್ಜಿಗೆ. ಜೋಳದ ಕಬ್ಬಿಣವನ್ನು ದೇಹ ಪೂರ್ತಿ ಹೀರಿಕೊಳ್ಳದಂತೆ ಅದರಲ್ಲೇ ಇರುವ ಫೈಟೇಟ್ ಎಂಬ ಅಂಶ ತಡೆಯುತ್ತದೆ. ಲಿಂಬೆಹುಳಿಯ ಸಿ ಜೀವಸತ್ವ ಆ ತಡೆಯನ್ನು ಸಡಿಲಿಸುತ್ತದೆ. ಭೌಗೋಳಿಕ ಸೂಚ್ಯಂಕ ಪಡೆದ ಲಿಂಬೆಯನ್ನು ಬೆಳೆಯುವ ಇಂಡಿಯ ನೆಲದಲ್ಲಿ, ಪಲ್ಯದ ಮೇಲೆ ಅರ್ಧ ಲಿಂಬೆ ಹಿಂಡುವ ರೂಢಿಗೆ ರುಚಿಯ ಕಾರಣವಲ್ಲದೆ ದೇಹದ ಕಾರಣವೂ ಇದೆ.

ಈ ಊಟವನ್ನು ಹೊಗಳುವಾಗ ಎಚ್ಚರ ಬೇಕು. ಕಾಳು, ಸೊಪ್ಪು, ಮೊಸರು ಎಲ್ಲವೂ ಕೂಡಿದ ತಾಟು ಬರಗಾಲದ ಈ ಜಿಲ್ಲೆಯ ಪ್ರತಿ ಮನೆಗೂ ಪ್ರತಿದಿನ ದಕ್ಕಿದ್ದಿಲ್ಲ. ಅನೇಕ ಮನೆಗಳಲ್ಲಿ ಅದು ರೊಟ್ಟಿ, ಖಾರ, ಉಳ್ಳಾಗಡ್ಡಿಯಷ್ಟೇ ಆಗಿತ್ತು, ಹೆಂಗಸರಿಗೆ ಕೊನೆಯಲ್ಲಿ ಉಳಿದಷ್ಟೇ ಆಗಿತ್ತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 48ರಷ್ಟು ಮಂದಿ ರಕ್ತಹೀನತೆಯುಳ್ಳವರು. ಅದೇ ಸಮೀಕ್ಷೆ ಇನ್ನೊಂದು ಮುಖವನ್ನೂ ತೋರಿಸುತ್ತದೆ: ರಾಜ್ಯದಲ್ಲಿ ಅಧಿಕ ತೂಕ ಅಥವಾ ಬೊಜ್ಜು ಇರುವ ಮಹಿಳೆಯರ ಪ್ರಮಾಣ 2015–16ರಲ್ಲಿ ಶೇ 23ರಷ್ಟಿದ್ದುದು ಶೇ 30ಕ್ಕೆ, ಪುರುಷರ ಪ್ರಮಾಣ ಶೇ 22ರಷ್ಟಿದ್ದುದು ಶೇ 31ರ ಹತ್ತಿರಕ್ಕೆ ಏರಿದೆ. ಹಸಿವು ಇನ್ನೂ ಮನೆ ಬಿಟ್ಟು ಹೋಗಿಲ್ಲದಿರುವಾಗಲೇ ಬೊಜ್ಜು ಒಳಗೆ ಬಂದಿದೆ. ಪೋಷಣಾಶಾಸ್ತ್ರ ಇದನ್ನು ಅಪೌಷ್ಟಿಕತೆಯ ದುಪ್ಪಟ್ಟು ಹೊರೆ ಎಂದು ಕರೆಯುತ್ತದೆ, ಮತ್ತು ಈ ನಾಲ್ಕು ತಾಲ್ಲೂಕುಗಳಲ್ಲಿ ಫಾಸ್ಟ್ ಫುಡ್‌ನ ಪ್ರಶ್ನೆಯನ್ನು ಕೇಳಬೇಕಾದುದು ಈ ಹೊರೆಯ ಅಡಿಯಲ್ಲಿ ನಿಂತುಕೊಂಡೇ.

ತಾಟು ಬದಲಾದುದು ಒಂದೇ ಕಾರಣದಿಂದಲ್ಲ. 1964ರಲ್ಲಿ ಅಡಿಗಲ್ಲು ಬಿದ್ದು 2006ರಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರಿಂದ ಲೋಕಾರ್ಪಣೆಗೊಂಡ ಆಲಮಟ್ಟಿ ಅಣೆಕಟ್ಟು, ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳ ಮೂಲಕ ಒಣಭೂಮಿಯ ಒಂದು ಭಾಗಕ್ಕೆ ನೀರು ತಂದಿತು. ನೀರು ಬಂದ ಹೊಲದಲ್ಲಿ ಜೋಳದ ಜಾಗಕ್ಕೆ ಕಬ್ಬು ಬಂತು, ಬೇರೆಡೆ ತೊಗರಿ, ಲಿಂಬೆ, ದ್ರಾಕ್ಷಿ, ದಾಳಿಂಬೆ ಹಬ್ಬಿದವು. ರೈತನ ಕೈಗೆ ರೊಕ್ಕ ಬಂದದ್ದು ನಿಜವಾದ ಲಾಭ. ಆದರೆ ಹಗೇವಿನಲ್ಲಿ ವರ್ಷದ ಜೋಳ ತುಂಬಿಟ್ಟುಕೊಳ್ಳುತ್ತಿದ್ದ ಮನೆ ಕಾಳನ್ನು ಪೇಟೆಯಿಂದ ಕೊಳ್ಳುವ ಮನೆಯಾಯಿತು. 2013ರಲ್ಲಿ ಆರಂಭವಾದ ಅನ್ನಭಾಗ್ಯವು ಬಡವರ ಹೊಟ್ಟೆ ತುಂಬಿಸಿದ ದೊಡ್ಡ ಕಾರ್ಯಕ್ರಮ, ಅದರ ಬಗ್ಗೆ ಎರಡು ಮಾತಿಲ್ಲ. ಆದರೂ ಜೋಳ ಉಣ್ಣುವ ಸೀಮೆಗೆ ಮುಖ್ಯವಾಗಿ ಅಕ್ಕಿಯೇ ಹರಿದುಬಂದದ್ದರಿಂದ ಅನ್ನ ಅಗ್ಗವಾಯಿತು, ರೊಟ್ಟಿ ತುಟ್ಟಿಯಾಯಿತು. ಇದರೊಂದಿಗೆ ಗುಳೆ ಸೇರಿಕೊಂಡಿತು. ಪುಣೆ, ಮುಂಬೈ, ಗೋವಾಗಳ ಕಟ್ಟಡ ಕೆಲಸಕ್ಕೂ ಮಹಾರಾಷ್ಟ್ರದ ಕಬ್ಬು ಕಡಿಯಲೂ ವರ್ಷದ ಹಲವು ತಿಂಗಳು ಹೋಗುವ ತಾಂಡಾ ಮತ್ತು ಹಳ್ಳಿಗಳ ಕುಟುಂಬಗಳು, ಒಲೆ ಹೂಡಲು ಹೊತ್ತೂ ಜಾಗವೂ ಇಲ್ಲದ ಕಡೆ ವಡಾಪಾವ್ ತಿಂದು ದುಡಿದು, ಮರಳಿ ಬರುವಾಗ ಆ ರುಚಿಯನ್ನೂ ರೂಢಿಯನ್ನೂ ಜೊತೆಗೆ ತಂದವು.

ಇವೆಲ್ಲಕ್ಕಿಂತ ಆಳದಲ್ಲಿರುವುದು ರೊಟ್ಟಿ ಬೇಡುವ ಶ್ರಮದ ಪ್ರಶ್ನೆ. ಗೋದಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಸಸಾರಜನಕ ಜೋಳದಲ್ಲಿ ಇಲ್ಲದಿರುವುದರಿಂದ ಅದರ ಹಿಟ್ಟು ಎಳೆದರೆ ಹಿಗ್ಗುವುದಿಲ್ಲ. ಕುದಿವ ಎಸರು ಹಾಕಿ ನಾದಿ, ಒಂದೊಂದನ್ನೇ ಅಂಗೈಯಿಂದ ಬಡಿದು ಅಗಲಿಸಿ, ಹರಿಯದಂತೆ ಎತ್ತಿ ಹಂಚಿಗೆ ಹಾಕಿ, ಮೇಲೆ ನೀರು ಸವರಿ ಬೇಯಿಸಬೇಕು. ಹೊಲದ ಕೂಲಿ, ನರೇಗಾ ಕೆಲಸ, ಅಂಗನವಾಡಿ, ಗಾರ್ಮೆಂಟ್, ಅಂಗಡಿ ಎಂದು ದುಡಿಯಲು ಹೊರಟ ಹೆಣ್ಣುಮಕ್ಕಳು ನಸುಕಿನಲ್ಲಿ ಎದ್ದು ಮನೆಮಂದಿಗೆಲ್ಲ ರೊಟ್ಟಿ ಬಡಿಯಬೇಕೆಂಬುದನ್ನು ಆರೋಗ್ಯದ ಹೆಸರಿನಲ್ಲಿ ಒತ್ತಾಯಿಸುವ ಬರಹಗಳು ಆ ಹೆಣ್ಣುಮಕ್ಕಳ ಆರೋಗ್ಯವನ್ನೇ ಮರೆತಿರುತ್ತವೆ. ಸಂಜೆ ಬಂಡಿಯಿಂದ ಕಟ್ಟಿಸಿಕೊಂಡು ತಂದ ಎಗ್ ರೈಸ್ ಎಷ್ಟೋ ಮನೆಗಳಲ್ಲಿ ನಾಲಿಗೆಯ ಚಪಲವಾಗಿ ಬಂದಿಲ್ಲ, ದಣಿವಿನ ಪರಿಹಾರವಾಗಿ ಬಂದಿದೆ.

ಬಂಡಿಯ ತಿನಿಸಿನೊಳಗೆ ಏನಿದೆ ಎಂಬುದನ್ನು ಒಂದು ತಟ್ಟೆ ಗೋಬಿಯ ಮೂಲಕವೇ ನೋಡಬಹುದು. ಬಿಡಿಸಿದ ಹೂಕೋಸನ್ನು ಮೈದಾ, ಕಾರ್ನ್‌ಫ್ಲೋರ್, ಉಪ್ಪು, ಖಾರಪುಡಿ, ಬಣ್ಣ ಕಲಸಿದ ಗಟ್ಟಿ ಹಿಟ್ಟಿನಲ್ಲಿ ಅದ್ದಿ ಕಡಾಯಿಗೆ ಬಿಡುತ್ತಾರೆ. ನೀರಿನಂಶ ಹೆಚ್ಚಿರುವ ಹೂಕೋಸಿನಿಂದ ಆವಿ ಹೊರಟಂತೆ ಆ ಜಾಗವನ್ನು ಎಣ್ಣೆ ತುಂಬಿಕೊಳ್ಳುತ್ತದೆ, ಮೇಲಿನ ಹಿಟ್ಟಿನ ಪದರವಂತೂ ಎಣ್ಣೆಯನ್ನು ಹೀರಿಯೇ ಗರಿಗರಿಯಾಗುತ್ತದೆ. ಗಿರಾಕಿ ಬಂದಾಗ ಅದನ್ನೇ ಮತ್ತೊಮ್ಮೆ ಕರಿದು, ಉರಿಯುವ ಬಾಣಲೆಯಲ್ಲಿ ಇನ್ನಷ್ಟು ಎಣ್ಣೆ, ಬೆಳ್ಳುಳ್ಳಿ, ಸೋಯಾ ಸಾಸ್, ಚಿಲ್ಲಿ ಸಾಸ್, ಸಕ್ಕರೆಯುಳ್ಳ ಟೊಮೆಟೊ ಸಾಸ್, ಒಂದು ಚಿಟಿಕೆ ಅಜಿನೊಮೊಟೊ ಹಾಕಿ ಹೊರಳಿಸುತ್ತಾರೆ. ತರಕಾರಿಯ ತಿನಿಸೆಂದು ತಟ್ಟೆ ಹಿಡಿದವರ ಹೊಟ್ಟೆಗೆ ಇಳಿಯುವುದರಲ್ಲಿ ತರಕಾರಿಗಿಂತ ಪಿಷ್ಟ, ಎಣ್ಣೆ, ಉಪ್ಪುಗಳ ಪಾಲೇ ದೊಡ್ಡದು. ಕಡಾಯಿಯ ಎಣ್ಣೆ ಇಳಿದಂತೆ ಮೇಲೆ ಹೊಸ ಎಣ್ಣೆ ಸುರಿಯುವುದು ರೂಢಿ. ಪೂರ್ತಿ ಬದಲಿಸುವುದು ಅಪರೂಪ, ಏಕೆಂದರೆ ದಿನದ ಲಾಭವೆಲ್ಲ ಆ ಎಣ್ಣೆಯಲ್ಲೇ ಇರುತ್ತದೆ.

ಇಂಥ ಆಹಾರ ತೂಕವನ್ನು ಏಕೆ ಏರಿಸುತ್ತದೆ ಎಂಬುದಕ್ಕೆ ಈಚಿನ ಅತ್ಯಂತ ಸ್ಪಷ್ಟ ಸಾಕ್ಷ್ಯ ಒದಗಿದ್ದು 2019ರಲ್ಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಮಂದಿಯನ್ನು ಒಳರೋಗಿಗಳಂತೆ ಇರಿಸಿಕೊಂಡು, ಎರಡು ವಾರ ಅತಿಸಂಸ್ಕರಿತ ಆಹಾರವನ್ನೂ ಎರಡು ವಾರ ಅಲ್ಪ ಸಂಸ್ಕರಣೆಯ ಆಹಾರವನ್ನೂ ಬಡಿಸಿದರು. ಮುಂದಿಟ್ಟ ತಾಟುಗಳಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು, ಉಪ್ಪು ಎರಡರಲ್ಲೂ ಸಮನಾಗಿದ್ದವು, ಬೇಕಾದಷ್ಟು ತಿನ್ನುವ ಸ್ವಾತಂತ್ರ್ಯವಿತ್ತು. ಅತಿಸಂಸ್ಕರಿತ ಆಹಾರದ ದಿನಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಎರಡು ವಾರಕ್ಕೆ ಒಂದು ಕೆ.ಜಿ.ಗೆ ತುಸು ಕಡಿಮೆ ತೂಕ ಏರಿಸಿಕೊಂಡರು. ಇನ್ನೊಂದು ಆಹಾರದಲ್ಲಿ ಹೆಚ್ಚುಕಡಿಮೆ ಅಷ್ಟೇ ಇಳಿಸಿಕೊಂಡರು. ತಿನ್ನುವ ವೇಗವೂ ಮೊದಲನೆಯದರಲ್ಲಿ ಹೆಚ್ಚಿತ್ತು. ಅಗಿಯುವ ಕೆಲಸವಿಲ್ಲದ ಮೆತ್ತನೆಯ ಆಹಾರ ಬೇಗ ಇಳಿಯುತ್ತದೆ, ಹೊಟ್ಟೆ ತುಂಬಿತೆಂಬ ಸೂಚನೆ ಮಿದುಳಿಗೆ ಮುಟ್ಟುವ ಮೊದಲೇ ತಟ್ಟೆ ಖಾಲಿಯಾಗಿರುತ್ತದೆ ಎಂಬುದು ಇದಕ್ಕೆ ಕೊಡಲಾಗುವ ಒಂದು ವಿವರಣೆ. ಪಾವು ಮತ್ತು ಖಡಕ್ ರೊಟ್ಟಿಗಳನ್ನು ಅಗಿದು ನೋಡಿದ ಯಾರಿಗೂ ಈ ವಿವರಣೆ ಅಪರಿಚಿತವೆನಿಸದು.

ದೀರ್ಘಕಾಲದ ಪರಿಣಾಮಕ್ಕೆ ಎರಡು ಅಧ್ಯಯನಗಳನ್ನು ಹೆಸರಿಸಬಹುದು. ಅಮೆರಿಕದ ಮೂರು ಸಾವಿರಕ್ಕೂ ಹೆಚ್ಚು ಯುವಜನರನ್ನು 15 ವರ್ಷ ಹಿಂಬಾಲಿಸಿ 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ವರದಿಯಂತೆ, ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಫಾಸ್ಟ್ ಫುಡ್ ಅಂಗಡಿಗೆ ಹೋಗುತ್ತಿದ್ದವರು, ವಾರಕ್ಕೊಮ್ಮೆಯೂ ಹೋಗದವರಿಗಿಂತ 4.5 ಕೆ.ಜಿ. ಹೆಚ್ಚು ತೂಕ ಏರಿಸಿಕೊಂಡಿದ್ದರು, ಅವರ ಇನ್ಸುಲಿನ್ ಪ್ರತಿರೋಧದ ಏರಿಕೆ ಎರಡು ಪಟ್ಟಾಗಿತ್ತು. ಇನ್ಸುಲಿನ್ ಪ್ರತಿರೋಧವೆಂದರೆ ರಕ್ತದ ಸಕ್ಕರೆಯನ್ನು ಜೀವಕೋಶಗಳೊಳಗೆ ಸೇರಿಸುವ ಇನ್ಸುಲಿನ್ನಿನ ಮಾತಿಗೆ ಕೋಶಗಳು ಓಗೊಡದಿರುವ ಸ್ಥಿತಿ. ಎರಡನೆಯ ಬಗೆಯ ಮಧುಮೇಹದ ಹೆಬ್ಬಾಗಿಲು ಅದು. ಏಷ್ಯಾದ ದೇಹಗಳ ಬಗ್ಗೆ ಹೇಳುವ ಸಿಂಗಪುರದ ಚೀನೀ ಆರೋಗ್ಯ ಅಧ್ಯಯನ 2012ರಲ್ಲಿ ಕಂಡುಕೊಂಡಂತೆ, ವಾರಕ್ಕೆ ಎರಡು ಅಥವಾ ಹೆಚ್ಚು ಸಲ ಪಾಶ್ಚಾತ್ಯ ಮಾದರಿಯ ಫಾಸ್ಟ್ ಫುಡ್ ತಿನ್ನುವವರಲ್ಲಿ ಮಧುಮೇಹದ ಅಪಾಯ ಶೇ 27ರಷ್ಟು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ 56ರಷ್ಟು ಹೆಚ್ಚಿತ್ತು. ಇವು ಅವಲೋಕನದ ಅಧ್ಯಯನಗಳು. ಫಾಸ್ಟ್ ಫುಡ್ ತಿನ್ನುವವರ ಬೇರೆ ರೂಢಿಗಳ ಪ್ರಭಾವವನ್ನು ಲೆಕ್ಕದಿಂದ ತೆಗೆದುಹಾಕಲು ಸಂಶೋಧಕರು ಯತ್ನಿಸಿದ್ದರೂ ಅದು ಪೂರ್ತಿ ಸಾಧ್ಯವಾಗುವುದಿಲ್ಲ. ಆದರೆ ಅಲ್ಪಾವಧಿಯ ಪ್ರಯೋಗವೂ ದೀರ್ಘಾವಧಿಯ ಅವಲೋಕನವೂ ಒಂದೇ ದಿಕ್ಕಿಗೆ ಬೆರಳು ಮಾಡುವಾಗ ಸಂಶಯಕ್ಕೆ ಉಳಿಯುವ ಜಾಗ ಚಿಕ್ಕದು.

ಸಿಂಗಪುರಕ್ಕಿಂತಲೂ ಈ ಸೀಮೆಗೆ ಹತ್ತಿರದ ಪಾಠವನ್ನು ಹೇಳಿದ್ದು ಪುಣೆ. ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯ ಸಂಶೋಧನಾ ಕೇಂದ್ರದ ಡಾ. ಸಿ.ಎಸ್. ಯಾಜ್ಞಿಕ್ ಅವರು 1993ರಲ್ಲಿ ಪುಣೆಯ ಸಮೀಪದ ಆರು ಹಳ್ಳಿಗಳಲ್ಲಿ ಆರಂಭಿಸಿದ ತಾಯಂದಿರ ಪೋಷಣೆಯ ಅಧ್ಯಯನವು, ಸರಾಸರಿ 2.7 ಕೆ.ಜಿ. ತೂಕದ ಅಲ್ಲಿನ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ನಿನ 3.5 ಕೆ.ಜಿ.ಯ ಶಿಶುಗಳೊಂದಿಗೆ ಹೋಲಿಸಿತು. ಪುಣೆಯ ಕೂಸುಗಳಲ್ಲಿ ಸ್ನಾಯು ಮತ್ತು ಒಳ ಅಂಗಾಂಗಗಳು ಬಹಳ ಕಡಿಮೆ ಬೆಳೆದಿದ್ದರೂ ಚರ್ಮದಡಿಯ ಕೊಬ್ಬು ಮಾತ್ರ ಹೆಚ್ಚುಕಡಿಮೆ ಉಳಿದುಕೊಂಡಿತ್ತು. ನೋಡಲು ಸಣಕಲು, ಒಳಗೆ ಕೊಬ್ಬು: ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಕೊರತೆಯನ್ನು ಕಂಡ ಇಂಥ ದೇಹ, ಮುಂದೆ ಮೈದಾ, ಸಕ್ಕರೆ, ಎಣ್ಣೆಗಳ ಧಾರಾಳವನ್ನು ಕಂಡಾಗ, ಬೊಜ್ಜು ಕಣ್ಣಿಗೆ ಬೀಳುವ ಮೊದಲೇ ಮಧುಮೇಹಕ್ಕೆ ಒಳಗಾಗುವ ಸಂಭವ ಹೆಚ್ಚು. ಭೀಮೆಯ ಆಚೆಯ ಮಹಾರಾಷ್ಟ್ರದ ಹಳ್ಳಿಗೂ ಈಚೆಯ ಇಂಡಿಯ ಹಳ್ಳಿಗೂ ಬಡತನದಲ್ಲಾಗಲಿ ಊಟದಲ್ಲಾಗಲಿ ಅಂಥ ಅಂತರವಿಲ್ಲದ್ದರಿಂದ ಈ ಮಾತನ್ನು ಇಲ್ಲಿಯೂ ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ‘ಸಣ್ಣಗಿದ್ದಾನೆ, ಏನು ತಿಂದರೂ ನಡೆಯುತ್ತದೆ’ ಎಂಬ ಮನೆಮಾತು ಈ ನೆಲದಲ್ಲಿ ಅಪಾಯಕಾರಿ ನಂಬಿಕೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವು ವಯಸ್ಕರಲ್ಲಿ ಶೇ 11.4ರಷ್ಟು ಮಂದಿಗೆ, ಅಂದರೆ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆಯೆಂದೂ, ಇನ್ನೂ ಶೇ 15.3ರಷ್ಟು ಮಂದಿ ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜಿಸಿದೆ.

ಉಪ್ಪಿನ ಮಾತಿಗೆ ಬಂದರೆ, ದಿನಕ್ಕೆ 5 ಗ್ರಾಂ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರತೀಯರ ಸರಾಸರಿ ಸೇವನೆ 8 ಗ್ರಾಂ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ವಿಶ್ಲೇಷಣೆ ತೋರಿಸಿತು. ಉಪ್ಪಿನಕಾಯಿ, ಹಪ್ಪಳ, ಹಿಂಡಿ, ಚಟ್ನಿಪುಡಿಗಳ ಈ ಸೀಮೆಯಲ್ಲಿ ಮನೆಯ ಊಟವೇ ಉಪ್ಪಿನಲ್ಲಿ ಮುಂದಿರುವುದರಿಂದ, ಅದರ ಮೇಲೆ ಸೋಯಾ ಸಾಸಿನ ಒಂದು ತಟ್ಟೆ ಬಿದ್ದರೆ ರಕ್ತದೊತ್ತಡದ ಮೇಲಿನ ಭಾರ ಇನ್ನಷ್ಟು ಏರುತ್ತದೆ. ಜನರ ಭಯ ಮಾತ್ರ ಉಪ್ಪಿನ ಕಡೆಗಿಲ್ಲ, ಅಜಿನೊಮೊಟೊದ ಕಡೆಗಿದೆ. ಜಪಾನಿನ ಕಿಕುನೆ ಇಕೆಡಾ 1908ರಲ್ಲಿ ಕಡಲಪಾಚಿಯಿಂದ ಗುರುತಿಸಿದ ಈ ಮೋನೊಸೋಡಿಯಂ ಗ್ಲುಟಮೇಟ್ ಸಾಮಾನ್ಯ ಪ್ರಮಾಣದಲ್ಲಿ ವಿಷವೆಂಬುದಕ್ಕೆ ಆಧಾರ ಸಿಕ್ಕಿಲ್ಲ. ಅದರಲ್ಲಿರುವ ಸೋಡಿಯಂ ತೂಕಕ್ಕೆ ತೂಕ ಅಡುಗೆ ಉಪ್ಪಿನ ಮೂರನೆಯ ಒಂದು ಪಾಲಿನಷ್ಟು. ಅದರ ನಿಜವಾದ ದೋಷ, ತಾನು ಸೇರಿದ ಎಣ್ಣೆ-ಮೈದಾಗಳನ್ನು ಇನ್ನಷ್ಟು ತಿನ್ನಬೇಕೆನಿಸುವಷ್ಟು ರುಚಿಗೊಳಿಸುವುದು. ‘ಅಜಿನೊಮೊಟೊ ಹಾಕಬ್ಯಾಡ್ರಿ’ ಎಂದು ಬಂಡಿಯವನಿಗೆ ಹೇಳಿ ನಿಶ್ಚಿಂತೆಯಿಂದ ಎರಡು ತಟ್ಟೆ ತಿಂದವರು ಚಿಕ್ಕ ಅಪಾಯವನ್ನು ತಪ್ಪಿಸಿಕೊಂಡು ದೊಡ್ಡದನ್ನು ನುಂಗಿರುತ್ತಾರೆ.

ಎಣ್ಣೆಯ ಪ್ರಶ್ನೆ ಇನ್ನೂ ತೊಡಕಿನದು. ಹಿಂಗಾರಿ ಜೋಳದ ಜೊತೆ ಅಕ್ಕಡಿಯಾಗಿ ಕುಸುಬಿ ಬಿತ್ತುತ್ತಿದ್ದ ಈ ಜಿಲ್ಲೆಯಲ್ಲಿ ಗಾಣದ ಕುಸುಬಿ ಎಣ್ಣೆ ಮತ್ತು ಶೇಂಗಾ ಎಣ್ಣೆ ಮನೆಬಳಕೆಯವಾಗಿದ್ದವು. ಕುಸುಬಿಯ ಕ್ಷೇತ್ರ ಕುಗ್ಗಿ, ದೇಶ ತನ್ನ ಅಡುಗೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚನ್ನು ಆಮದು ಮಾಡಿಕೊಳ್ಳುವಂತಾದ ಮೇಲೆ, ಅಗ್ಗದ ಪಾಮೋಲಿನ್ ಬಂಡಿಯ ಕಡಾಯಿಗೂ ಪೊಟ್ಟಣದ ಕುರುಕಲಿಗೂ ಮೂಲವಸ್ತುವಾಯಿತು. ಪಾಮೋಲಿನ್‌ನಲ್ಲಿ ರಕ್ತದ ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುವ ಸಂತೃಪ್ತ ಕೊಬ್ಬು ಶೇಂಗಾ ಎಣ್ಣೆಯದಕ್ಕಿಂತ ಎರಡು ಪಟ್ಟಿನಷ್ಟಿದೆ. ಅದಕ್ಕಿಂತ ಮುಖ್ಯವಾದುದು ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು: ಗಾಳಿ, ನೀರಾವಿ, ಶಾಖಗಳ ಹೊಡೆತಕ್ಕೆ ಎಣ್ಣೆಯ ಅಣುಗಳು ಒಡೆದು, ಒಟ್ಟು ಧ್ರುವೀಯ ಸಂಯುಕ್ತಗಳೆಂದು ಕರೆಯಲಾಗುವ ಹಾನಿಕರ ಪದಾರ್ಥಗಳು ಉಂಟಾಗುತ್ತವೆ. ಇವು ಶೇ 25ನ್ನು ಮೀರಿದ ಎಣ್ಣೆಯನ್ನು ಬಳಸಕೂಡದೆಂದು ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈನಿಂದ ಕಟ್ಟುಪಾಡು ಮಾಡಿದೆ. ಎಣ್ಣೆ-ಕೊಬ್ಬುಗಳಲ್ಲಿ ಕೃತಕ ಟ್ರಾನ್ಸ್ ಕೊಬ್ಬಿನ ಮಿತಿಯನ್ನು 2022ರ ಜನವರಿಯಿಂದ ಶೇ 2ಕ್ಕೆ ಇಳಿಸಿದೆ. ಎರಡನೆಯದನ್ನು ಕಾರ್ಖಾನೆಯ ಬಾಗಿಲಲ್ಲೇ ಜಾರಿಮಾಡಬಹುದು. ಮೊದಲನೆಯದು ಸಾವಿರಾರು ಕಡಾಯಿಗಳ ಮಾತು. ಕಪ್ಪಗೆ ತಿರುಗಿ, ನೊರೆಯೆದ್ದು, ಹೊಗೆಯಾಡುವ ಎಣ್ಣೆಯನ್ನು ತಾಲ್ಲೂಕಿನ ಆಹಾರ ಸುರಕ್ಷತಾಧಿಕಾರಿ ಒಬ್ಬರೇ ಎಷ್ಟು ಓಣಿಗಳಲ್ಲಿ ಹುಡುಕಲು ಸಾಧ್ಯ? ಮಿರ್ಚಿ ಭಜಿಯ ಹಳೆಯ ಅಂಗಡಿಗಳೂ ಈ ದೋಷದಿಂದ ಮುಕ್ತವಾಗಿಲ್ಲ. ಸಂತೆಯ ದಿನ ಮಾತ್ರ ತಿನ್ನುತ್ತಿದ್ದ ಭಜಿ ಪ್ರತಿ ಸಂಜೆಯ ಭಜಿಯಾದುದೇ ಅಲ್ಲಿ ಆಗಿರುವ ದೊಡ್ಡ ಬದಲಾವಣೆ.

ಈ ವಿಷಯದಲ್ಲಿ ಕರ್ನಾಟಕ ಸರ್ಕಾರದ ಅತ್ಯಂತ ಸದ್ದು ಮಾಡಿದ ಕ್ರಮ ಬಣ್ಣಕ್ಕೆ ಸಂಬಂಧಿಸಿದ್ದು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ 2024ರ ಮಾರ್ಚ್ 11ರಂದು ಪ್ರಕಟಿಸಿದಂತೆ, ಪರೀಕ್ಷೆಗೊಳಪಟ್ಟ ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣಗಳಿದ್ದವು, ಬಾಂಬೆ ಮಿಠಾಯಿಯ 25ರಲ್ಲಿ 15 ಮಾದರಿಗಳು ಅಸುರಕ್ಷಿತವಾಗಿದ್ದವು. ಈ ತಿನಿಸುಗಳಿಗೆ ಕೃತಕ ಬಣ್ಣ ಬೆರೆಸುವುದನ್ನು ರಾಜ್ಯದಾದ್ಯಂತ ನಿಷೇಧಿಸಲಾಯಿತು, ಜೂನ್‌ನಲ್ಲಿ ಕಬಾಬಿಗೂ ಅದನ್ನು ವಿಸ್ತರಿಸಲಾಯಿತು. ಈ ಬಣ್ಣಗಳಲ್ಲಿ ರೋಡಮೈನ್-ಬಿ ಬಟ್ಟೆ, ಕಾಗದಗಳಿಗೆ ಹಾಕುವಂಥದು, ಆಹಾರದಲ್ಲಿ ಅದಕ್ಕೆ ಎಂದೂ ಜಾಗವಿಲ್ಲ. ಟಾರ್ಟ್ರಜೈನ್, ಸನ್‌ಸೆಟ್ ಯೆಲ್ಲೊಗಳಿಗೆ ಕೆಲವು ಆಹಾರಗಳಲ್ಲಿ ಮಿತ ಪ್ರಮಾಣದ ಅನುಮತಿಯಿದೆ. ನಿಷೇಧ ಸರಿಯಾದುದೇ. ಆದರೆ ಅದರ ನಂತರ ‘ಇಲ್ಲಿ ಬಣ್ಣ ಬಳಸುವುದಿಲ್ಲ’ ಎಂಬ ಫಲಕವೇ ಆರೋಗ್ಯದ ಪ್ರಮಾಣಪತ್ರದಂತೆ ಕಾಣತೊಡಗಿತು. ಬಣ್ಣವಿಲ್ಲದ ಗೋಬಿಯಲ್ಲೂ ಮೈದಾ, ಎಣ್ಣೆ, ಉಪ್ಪುಗಳು ಮೊದಲಿನಷ್ಟೇ ಇರುತ್ತವೆ. ನಿತ್ಯ ತಿನ್ನುವವರ ದೇಹದಲ್ಲಿ ಹೆಚ್ಚಿನ ಹಾನಿ ಮಾಡುವವು ಅವೇ. ಬೇಸಿಗೆಯ ಪಾನಿಪುರಿಯ ನೀರಿನಿಂದ ಹರಡುವ ವಿಷಮಶೀತ ಜ್ವರ, ಕಾಮಾಲೆ, ವಾಂತಿಭೇದಿಗಳು ಬೇರೆ ಬಗೆಯ ಅಪಾಯ. ಅವಕ್ಕೆ ಶುದ್ಧ ನೀರು ಮತ್ತು ಕೈತೊಳೆಯುವ ವ್ಯವಸ್ಥೆಯೇ ಮದ್ದು.

ಎಲ್ಲಕ್ಕಿಂತ ಕಳವಳ ಹುಟ್ಟಿಸುವುದು ಮಕ್ಕಳ ಪಾಲು. ದೇಶದಲ್ಲಿ ಅತಿಸಂಸ್ಕರಿತ ಆಹಾರದ ಮಾರಾಟ 2006ರಲ್ಲಿ ಸುಮಾರು 90 ಕೋಟಿ ಡಾಲರಿನಷ್ಟಿದ್ದುದು 2019ರಲ್ಲಿ ಸುಮಾರು 3,790 ಕೋಟಿ ಡಾಲರಿಗೆ ಏರಿತೆಂದು 2024–25ರ ಆರ್ಥಿಕ ಸಮೀಕ್ಷೆ ಹೇಳುತ್ತದೆ. ಪೇಟೆಯ ಮಾಲ್‌ಗಳ ಜೊತೆಗೆ ತಾಂಡಾದ ಕಿರಾಣಿ ಅಂಗಡಿಯ ಐದು ರೂಪಾಯಿಯ ಪೊಟ್ಟಣವೂ ಈ ಏರಿಕೆಯಲ್ಲಿ ಪಾಲುಪಡೆದಿದೆ. ಅಳುವ ಕೂಸನ್ನು ಸುಮ್ಮನಾಗಿಸಲು ಕೊಟ್ಟ ಒಂದು ಪೊಟ್ಟಣ, ಒಂದು ಬಿಸ್ಕೀಟು, ಒಂದು ಲೋಟ ಚಹಾ ಸೇರಿದರೆ ಎರಡು ವರ್ಷದ ಮಗುವಿನ ಪುಟ್ಟ ಹೊಟ್ಟೆ ತುಂಬಿ, ಕಾಳು, ಮೊಟ್ಟೆ, ಹಾಲುಗಳಿಗೆ ಜಾಗ ಉಳಿಯುವುದಿಲ್ಲ. ಚಹಾದ ಟ್ಯಾನಿನ್ ಇದ್ದಷ್ಟು ಕಬ್ಬಿಣವನ್ನೂ ಹೀರಲು ಬಿಡುವುದಿಲ್ಲ. ಇಲ್ಲಿ ಫಾಸ್ಟ್ ಫುಡ್ ಬೊಜ್ಜನ್ನಲ್ಲ, ಅದಕ್ಕೂ ಮೊದಲು ಕುಂಠಿತ ಬೆಳವಣಿಗೆಯನ್ನೂ ರಕ್ತಹೀನತೆಯನ್ನೂ ಪೋಷಿಸುತ್ತದೆ. ಶ್ರೀಮಂತ ದೇಶಗಳ ಅಧ್ಯಯನಗಳಲ್ಲಿ ಅಷ್ಟಾಗಿ ಕಾಣದ ಈ ಪರಿಣಾಮವೇ ಮುದ್ದೇಬಿಹಾಳ, ಸಿಂದಗಿಯ ಹಳ್ಳಿಗಳಲ್ಲಿ ಮೊದಲು ಗಮನಿಸಬೇಕಾದದ್ದು.

ಇದಕ್ಕೆದುರಾಗಿ ಇದೇ ಜಿಲ್ಲೆಯಲ್ಲಿ ಬೇರೂರಿರುವ ಒಂದು ಗಟ್ಟಿ ವ್ಯವಸ್ಥೆಯೂ ಇದೆ. ಶಾಲೆಯ ಬಿಸಿಯೂಟದ ‘ಅಕ್ಷರ ದಾಸೋಹ’ 2002ರಲ್ಲಿ ರಾಜ್ಯದ ಏಳು ಜಿಲ್ಲೆಗಳಲ್ಲಿ ಮೊದಲು ಆರಂಭವಾದಾಗ ಅಂದಿನ ಬಿಜಾಪುರವೂ ಅವುಗಳಲ್ಲಿ ಒಂದಾಗಿತ್ತು, 2013ರಲ್ಲಿ ‘ಕ್ಷೀರಭಾಗ್ಯ’ದ ಹಾಲು ಬಂತು, 2021ರ ಡಿಸೆಂಬರ್‌ನಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಕೊಡುವುದು ಆರಂಭವಾದ ಏಳು ಜಿಲ್ಲೆಗಳಲ್ಲಿಯೂ ವಿಜಯಪುರ ಸೇರಿತ್ತು. ಒಂದು ಮೊಟ್ಟೆಯ 6 ಗ್ರಾಮಿನಷ್ಟು ಉತ್ತಮ ಸಸಾರಜನಕ ಯಾವ ಪೊಟ್ಟಣದಲ್ಲೂ ಐದು ರೂಪಾಯಿಗೆ ಸಿಗುವುದಿಲ್ಲ. ಶಾಲಾ ಆವರಣದಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಮಾರಕೂಡದೆಂಬ 2020ರ ಆಹಾರ ಸುರಕ್ಷತಾ ನಿಯಮವೂ ಇದೆ, ಆದರೆ ಶಾಲೆಯ ಗೋಡೆಗೇ ಅಂಟಿಕೊಂಡ ಗೂಡಂಗಡಿಗಳಿರುವ ಊರುಗಳಲ್ಲಿ ಅದು ಜಾರಿಯಾಗುವುದು ಗ್ರಾಮ ಪಂಚಾಯಿತಿ ಮತ್ತು ಶಾಲಾಭಿವೃದ್ಧಿ ಸಮಿತಿಗಳು ಅದನ್ನು ತಮ್ಮ ಕೆಲಸವೆಂದು ಎತ್ತಿಕೊಂಡಾಗ ಮಾತ್ರ.

ಪರಿಹಾರದ ಚರ್ಚೆಯಲ್ಲಿ ಒಂದು ಸಂಗತಿಯನ್ನು ಮರೆಯಬಾರದು: ಬೇಗ ಸಿಗುವ ಆಹಾರ ಬೇಕೆನ್ನುವುದು ತಪ್ಪಲ್ಲ, ಮತ್ತು ಈ ಸೀಮೆ ಅಂಥ ಆಹಾರವನ್ನು ಬಹಳ ಹಿಂದೆಯೇ ಕಂಡುಕೊಂಡಿತ್ತು. ತೆಳ್ಳಗೆ ಬಡಿದು, ಹಂಚಿನ ಮೇಲೆ ತೇವ ಆರುವವರೆಗೆ ಬೇಯಿಸಿದ ಖಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡದು. ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿಯೊಂದಿಗೆ ಅದನ್ನು ಉಣ್ಣಲು ಒಲೆಯೇ ಬೇಕಿಲ್ಲ. ಹೊಲಕ್ಕೂ ಜಾತ್ರೆಗೂ ಪ್ರಯಾಣಕ್ಕೂ ಕಟ್ಟಿದ ಬುತ್ತಿ ಅದು. ಉತ್ತರ ಕರ್ನಾಟಕದ ಮಹಿಳಾ ಸ್ವಸಹಾಯ ಸಂಘಗಳು ಈಗ ಖಡಕ್ ರೊಟ್ಟಿ ತಯಾರಿಸಿ ಮಾರುತ್ತಿರುವುದು, ಮನೆಯೊಳಗೆ ಕೂಲಿಯಿಲ್ಲದೆ ನಡೆಯುತ್ತಿದ್ದ ಶ್ರಮಕ್ಕೆ ಬೆಲೆ ಕಟ್ಟಿದೆ. ವಿದ್ಯಾರ್ಥಿನಿಲಯ, ಬಸ್ ನಿಲ್ದಾಣ, ಸರ್ಕಾರಿ ಆಸ್ಪತ್ರೆಗಳ ಊಟಕ್ಕೆ ಅವರಿಂದಲೇ ರೊಟ್ಟಿ ಕೊಳ್ಳುವ ಏರ್ಪಾಡು, ಪಡಿತರದಲ್ಲಿ ಈ ಜಿಲ್ಲೆಗೆ ಇಲ್ಲಿಯದೇ ಬಿಳಿಜೋಳ, ಇವೆರಡೂ ಸರ್ಕಾರದ ಕೈಯಲ್ಲಿಯೇ ಇವೆ. ಬಂಡಿಯವರೂ ಬಡವರೇ, ಅವರನ್ನು ಓಡಿಸುವುದರಿಂದ ಜನರ ಹಸಿವು ಇನ್ನೊಂದು ಓಣಿಯ ಕಡಾಯಿಗೆ ಹೋಗುತ್ತದೆ, ಅಷ್ಟೇ. ಗಿರಮಿಟ್, ಒಗ್ಗರಣೆಯ ಸುಸಲಾ, ಬೇಯಿಸಿದ ಮೊಟ್ಟೆ, ಮೊಳಕೆಕಾಳಿನ ಉಸಳಿಗಳೂ ಬಂಡಿಯ ತಿನಿಸುಗಳೇ, ಗಿರಾಕಿಗಳೂ ಇರುವಂಥವೇ. ಬಿಸಿಯೂಟ ಮುಗಿದು ರಾತ್ರಿಯ ಊಟ ಬರುವವರೆಗಿನ ಐದಾರು ಗಂಟೆಗಳಲ್ಲಿ, ಶಾಲೆ ಬಿಟ್ಟು ಹಸಿದು ಬರುವ ಮಗುವಿಗೆ ಹುರಿದ ಶೇಂಗಾ, ಪುಟಾಣಿ, ಬೆಲ್ಲ ಅಥವಾ ಲಿಂಬೆ ಹಿಂಡಿದ ಚುರಮುರಿ ಕೈಗೆ ಸಿಗುವುದೋ ಕುರುಕಲು ಪೊಟ್ಟಣ ಸಿಗುವುದೋ ಎಂಬುದರ ಮೇಲೆ ಈ ತಾಲ್ಲೂಕುಗಳ ಮುಂದಿನ ತಲೆಮಾರಿನ ಆರೋಗ್ಯದ ಬಹುಪಾಲು ನಿಂತಿದೆ. ತಾಯಿ ಹೊಲದಿಂದ, ಅಕ್ಕ ಕಾಲೇಜಿನಿಂದ ಮರಳಿರದ ಆ ಹೊತ್ತಿಗೆ ಮನೆ ಬಾಗಿಲಿನಲ್ಲಿ ತೆರೆದಿರುವುದು ಕಿರಾಣಿ ಅಂಗಡಿಯೊಂದೇ ಆಗಿರುವುದರಿಂದ, ಅಂಗನವಾಡಿ ಮತ್ತು ಶಾಲೆಗಳು ಸಂಜೆಯ ಲಘು ಆಹಾರವನ್ನೂ ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕಾದ ಕಾಲ ಬಂದಿದೆ.